ಮಳೆ ನಿಂತ ಮೇಲೆ ಬರುವ ನೀರು

(ಅಮೆರಿಕದ ಆಸ್ಟಿನ್ ನಗರದಲ್ಲಿ ಕನ್ನಡಿಗರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಭಾಷಣ ಉದ್ದ ಆಗಬಾರದು ಅಂತ ಮೊದಲೇ ಎಚ್ಚರಿಕೆ ಕೊಟ್ಟಿದ್ದಾರೆ. ನೋಡೋಣ.

ಇಲ್ಲಿರುವ ಹೆಚ್ಚಿನವರು ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಜಿಲ್ಕರ್ ಪಾರ್ಕಿಗೆ ಹೋಗಿಯೇ ಇರುತ್ತೀರಿ. ಅಲ್ಲಿನ ಬಾರ್ಟನ್ ಸ್ಪ್ರಿಂಗ್ಸ್ ಕೊಳಕ್ಕೆ ಇಳಿದ ಕೂಡಲೇ ಮೈ ಜುಮ್ಮೆನ್ನುತ್ತದೆ. ಹೊರಗೆ 40 ಡಿಗ್ರಿ ಬಿಸಿಲಿದ್ದರೂ ನೀರು 20–21 ಡಿಗ್ರಿ. ಚಳಿಗಾಲದಲ್ಲಿ ಹೋದರೂ ಹೆಚ್ಚುಕಮ್ಮಿ ಅಷ್ಟೇ. ಏಕೆಂದರೆ ಅದು ನೆಲದಡಿಯಿಂದ ಉಕ್ಕುವ ನೀರು. ಸರಾಸರಿ ಸೆಕೆಂಡಿಗೆ ಸುಮಾರು 1,500 ಲೀಟರ್ ಬರುತ್ತದೆ. 1956ರ ಬರದಲ್ಲಿ ಅದು 270 ಲೀಟರಿನ ಆಸುಪಾಸಿಗೆ ಇಳಿದಿತ್ತು. ಆಗಲೂ ಬತ್ತಲಿಲ್ಲ.

ಜೋರು ಮಳೆಯ ಮಾರನೇ ದಿನ ಹೋದವರಿಗೆ ಗೇಟು ಮುಚ್ಚಿದ್ದ ಅನುಭವ ಇರಬಹುದು. ಪಕ್ಕದ ಬಾರ್ಟನ್ ಕ್ರೀಕ್ ಎಂಬ ಹಳ್ಳದ ನೆರೆ ಅಣೆಕಟ್ಟೆ ಹಾರಿ ಕೊಳಕ್ಕೆ ನುಗ್ಗಿರುತ್ತದೆ. ಅದು ಕಣ್ಣಿಗೆ ಕಾಣುವ ಸಂಗತಿ, ಅದರಲ್ಲಿ ಗುಟ್ಟೇನಿಲ್ಲ. ನಾನು ಹೇಳಲು ಬಂದದ್ದು ಬೇರೆ. ಕ್ರೀಕಿನ ನೆರೆಯನ್ನು ಪಕ್ಕಕ್ಕಿಡಿ. ಕಲ್ಲಿನ ಬಾಯಿಂದ ಬರುವ ಚಿಲುಮೆಯ ನೀರೇ ಮಳೆಗೆ ಬದಲಾಗುತ್ತದೆ. ಅದರ ಉಪ್ಪು, ಸುಣ್ಣ, ಮಣ್ಣು, ಅದರಲ್ಲಿರುವ ಜೀವಿಗಳು, ಎಲ್ಲವೂ ಬದಲಾಗುತ್ತವೆ. ಎಲ್ಲ ಒಂದೇ ಹೊತ್ತಿಗೆ ಅಲ್ಲ, ಒಂದರ ಹಿಂದೆ ಒಂದು. ಹಾಗಾಗಿ ತಿಂಗಳಿಗೊಮ್ಮೆ, ಬಿಸಿಲು ಬಂದ ದಿನ ನೋಡಿಕೊಂಡು ಹೋಗಿ ಒಂದು ಬಾಟಲಿ ತುಂಬಿಸಿ ಲ್ಯಾಬಿಗೆ ಕಳಿಸಿದರೆ ಬರುವ ರಿಪೋರ್ಟು ಸುಳ್ಳಲ್ಲ, ಆದರೆ ಅದನ್ನು ನಂಬಿಕೊಂಡು ಕೂರುವಂತೆಯೂ ಇಲ್ಲ. ಇಂಥ ಚಿಲುಮೆಯನ್ನು ಮಳೆಯ ಹೊತ್ತಿನಲ್ಲೇ ನೋಡಬೇಕು.

ಮೊದಲು ಕಲ್ಲಿನ ವಿಷಯ. ಆಸ್ಟಿನ್ನಿನ ದಕ್ಷಿಣಕ್ಕೂ ಪಶ್ಚಿಮಕ್ಕೂ ನೆಲದಡಿ ಇರುವುದು ಎಡ್ವರ್ಡ್ಸ್ ಸುಣ್ಣಕಲ್ಲು. ಸುಮಾರು 10 ಕೋಟಿ ವರ್ಷದ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಚಿಪ್ಪು, ಸುಣ್ಣದ ಕೆಸರು ಕೂತು ಗಟ್ಟಿಯಾಗಿ ಕಲ್ಲಾಯಿತು. ಈ ಕಲ್ಲು ಹುಳಿಗೆ ಕರಗುತ್ತದೆ. ಮಳೆನೀರು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗಿರುತ್ತದೆ. ಅದರ ಪಿಎಚ್ ಸುಮಾರು 5.6. ಮಣ್ಣೊಳಗೆ ಇಳಿಯುವಾಗ ಬೇರು, ಸೂಕ್ಷ್ಮಜೀವಿಗಳು ಬಿಟ್ಟ ಅದೇ ಅನಿಲ ಇನ್ನೂ ಜಾಸ್ತಿ ಸೇರುತ್ತದೆ. ಆ ನೀರು ಬಿರುಕಿಗೆ ಇಳಿದು ಕಲ್ಲನ್ನು ಕರಗಿಸುತ್ತಾ ಹೋಗುತ್ತದೆ. ಕೂದಲೆಳೆಯಷ್ಟಿದ್ದ ಬಿರುಕು ಬೆರಳಗಲ ಆಗುತ್ತದೆ, ಕೊನೆಗೆ ಆಳು ನುಸುಳುವಷ್ಟು ದೊಡ್ಡದಾಗುತ್ತದೆ. ಹೀಗೆ ಒಳಗೆಲ್ಲ ಗುಹೆ, ಸುರಂಗ, ಕಾಲುವೆ ಆಗಿರುವ ನೆಲಕ್ಕೆ ಕಾರ್ಸ್ಟ್ ಎನ್ನುತ್ತಾರೆ.

ನೆಲದಡಿಯ ನೀರು ಅಂದರೆ ಮರಳಿನ ನಡುವೆ ಸೋಸಿಕೊಂಡು, ದಿನಕ್ಕೆ ಗೇಣು ಮೊಳ ಲೆಕ್ಕದಲ್ಲಿ ನಿಧಾನ ಬರುವ ನೀರು ಅಂತ ನಮ್ಮ ತಲೆಯಲ್ಲಿ ಕೂತಿದೆ. ಇಲ್ಲಿ ಹಾಗಿಲ್ಲ. ಆನಿಯನ್, ಸ್ಲಾಟರ್, ವಿಲಿಯಮ್ಸನ್ ಮುಂತಾದ ಕ್ರೀಕುಗಳು ಈ ಕಲ್ಲಿನ ಮೇಲೆ ಹರಿಯುವಾಗ ಅವುಗಳ ನೀರು ತಳದ ಬಿರುಕಿಗೆ, ಗುಹೆಗೆ ಇಳಿದು ಮಾಯವಾಗುತ್ತದೆ. ಬಾರ್ಟನ್ ಸ್ಪ್ರಿಂಗ್ಸ್‌ಗೆ ಬರುವ ನೀರಲ್ಲಿ ದೊಡ್ಡ ಪಾಲು ಹೀಗೆ ಕ್ರೀಕಿನ ತಳದಿಂದ ಇಳಿದದ್ದೇ. 1996ರಿಂದ ಈಚೆಗೆ ಇಲ್ಲಿನ ಅಂತರ್ಜಲ ಸಂರಕ್ಷಣಾ ಸಂಸ್ಥೆಯವರೂ ನಗರಾಡಳಿತದವರೂ ಸೇರಿ ಅಂಥ ಬಾಯಿಗಳಿಗೆ ಬಣ್ಣ ಸುರಿದು, ಅದು ಎಲ್ಲಿ ಯಾವಾಗ ಹೊರಬರುತ್ತದೆ ಎಂದು ಪತ್ತೆ ಮಾಡಿದ್ದಾರೆ. ನೀರು ತುಂಬಿದ ಕಾಲದಲ್ಲಿ ಅದು ದಿನಕ್ಕೆ ಕೆಲವು ಕಿಲೋಮೀಟರ್ ಓಡುತ್ತದೆ. ಅಷ್ಟು ಓಟದಲ್ಲಿ ಸೋಸಿಕೊಳ್ಳಲು ಪುರುಸೊತ್ತೆಲ್ಲಿ?

ಈಗ ಒಂದು ಮಳೆಯನ್ನು ಹಿಡಿದು ನೋಡೋಣ. ಚಿಲುಮೆಯ ಬಾಯಲ್ಲಿ ಒಂದು ಉಪಕರಣ ಇರುತ್ತದೆ. ಕೈಯಳತೆಯ ಕೊಳವೆ, ತುದಿಯಲ್ಲಿ ನಾಲ್ಕೈದು ಸೆನ್ಸರ್. ಉಷ್ಣತೆ, ಪಿಎಚ್, ಕರಗಿದ ಆಮ್ಲಜನಕ, ರಾಡಿ, ವಿದ್ಯುತ್ ವಾಹಕತೆ, ಇಷ್ಟನ್ನು ಅದು ಹಗಲೂ ರಾತ್ರಿ ಅಳೆಯುತ್ತದೆ. ವಾಹಕತೆ ಅಂದರೆ ಗಾಬರಿ ಬೇಡ. ಊರಲ್ಲಿ ಆರ್‌ಓ ಮಾರಲು ಬರುವ ಹುಡುಗ ಲೋಟದ ನೀರಿಗೆ ಅದ್ದುವ ಟಿಡಿಎಸ್ ಪೆನ್ ಇದೆಯಲ್ಲ, ಅದೂ ಅಳೆಯುವುದು ಇದನ್ನೇ. ನೀರಲ್ಲಿ ಉಪ್ಪು, ಸುಣ್ಣ ಎಷ್ಟು ಕರಗಿದೆಯೋ ಅಷ್ಟು ಚೆನ್ನಾಗಿ ಕರೆಂಟು ಹರಿಯುತ್ತದೆ. ಬಾರ್ಟನ್ ಸ್ಪ್ರಿಂಗ್ಸ್‌ನಲ್ಲಿ ಮಾಮೂಲಿ ದಿನ ಇದು 600 ಮೈಕ್ರೋಸೀಮೆನ್ಸ್‌ಗಿಂತ ಮೇಲೆ. ಮಳೆನೀರಿನಲ್ಲಿ ಇದು ತೀರಾ ಕಮ್ಮಿ.

ಸಂಜೆ ಗುಡುಗಿ ಸುರಿಯಿತು ಅಂದುಕೊಳ್ಳಿ. ಕ್ರೀಕುಗಳು ಉಕ್ಕಿದವು, ಬಿರುಕುಗಳಿಗೆ ನೀರು ನುಗ್ಗಿತು. ಕೆಲವೇ ಗಂಟೆಗಳಲ್ಲಿ ಚಿಲುಮೆಯ ಹರಿವು ಏರುತ್ತದೆ. ಆದರೆ ಆ ಹೊತ್ತಿನಲ್ಲಿ ವಾಹಕತೆ ನೋಡಿದರೆ ಜಾಗ ಬಿಟ್ಟು ಕದಲಿರುವುದಿಲ್ಲ. ಕೆಲವು ಕಡೆ ತುಸು ಏರಿರುವುದೂ ಉಂಟು. ಅದು ಹೇಗೆ? ಬಿಸಿಲಲ್ಲಿ ಬಿದ್ದಿದ್ದ ಪೈಪಿಗೆ ನಲ್ಲಿ ತಿರುಗಿಸಿ ನೋಡಿ. ತಿರುಗಿಸಿದ ತಕ್ಷಣ ನೀರು ಬರುತ್ತದೆ, ಆದರೆ ಬರುವುದು ಪೈಪಿನಲ್ಲೇ ಕಾದು ಕೂತಿದ್ದ ಬಿಸಿನೀರು. ಇಲ್ಲಿಯೂ ಹಾಗೇ. ಮೇಲಿಂದ ಬಿದ್ದ ಒತ್ತಡ ಕ್ಷಣದಲ್ಲಿ ತಲುಪುತ್ತದೆ, ನೀರು ತಲುಪುವುದಿಲ್ಲ. ಮೊದಲು ಹೊರಗೆ ಬರುವುದು ವಾರ, ತಿಂಗಳುಗಟ್ಟಲೆ ಕಲ್ಲಿನೊಳಗೆ ಕೂತು ಸುಣ್ಣ ತುಂಬಿಕೊಂಡಿದ್ದ ಹಳೇ ನೀರು.

ಅದಾದ ಮೇಲೆ ವಾಹಕತೆ ಇಳಿಯಲು ಶುರುವಾಗುತ್ತದೆ. ಅದೇ ಹೊಸ ಮಳೆಯ ನೀರು ಬಂತು ಎನ್ನುವುದರ ಗುರುತು. ಹತ್ತಿರದ ಕ್ರೀಕಿನದ್ದು ಮೊದಲು ಬರುತ್ತದೆ. ಆನಿಯನ್ ಕ್ರೀಕಿನಂಥ ದೂರದ್ದು ದಿನಗಳ ನಂತರ ಬರುತ್ತದೆ. ಕ್ಯಾಲ್ಸಿಯಂ, ಬೈಕಾರ್ಬನೇಟ್ ಎಲ್ಲ ತೆಳುವಾಗುತ್ತವೆ, ಏಕೆಂದರೆ ಈ ನೀರಿಗೆ ಕಲ್ಲು ಕರಗಿಸಲು ಸಮಯವೇ ಸಿಕ್ಕಿಲ್ಲ. ಗ್ರಾಫಿನಲ್ಲಿ ಒಂದು ಗುಂಡಿ ಬಿದ್ದಂತೆ ಕಾಣುತ್ತದೆ. ಮಳೆ ದೊಡ್ಡದಾದಷ್ಟೂ ಗುಂಡಿ ಆಳ. ಮೇಲೇಳಲು ದಿನಗಟ್ಟಲೆ ಹಿಡಿಯುತ್ತದೆ.

ಹರಿವು ಏರಿದ ಹೊತ್ತಿಗೂ ವಾಹಕತೆ ಇಳಿದ ಹೊತ್ತಿಗೂ ನಡುವೆ ಇರುವ ಆ ಅಂತರ ನನಗೆ ಈ ವಿಷಯದಲ್ಲೇ ಅತ್ಯಂತ ಇಷ್ಟವಾದ ಸಂಗತಿ. ಕಲ್ಲಿನೊಳಗೆ ಯಾರೂ ಇಳಿದು ನೋಡದೆ, ಒಳಗೆ ಎಷ್ಟು ನೀರು ನಿಂತಿತ್ತು ಎಂದು ಅದರಿಂದ ಅಂದಾಜು ಮಾಡಬಹುದು. 1971ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಇಬ್ಬರು ವಿಜ್ಞಾನಿಗಳು ಇಂಥದ್ದೇ ಜಾಣ ಕೆಲಸ ಮಾಡಿದ್ದರು. 14 ಸುಣ್ಣಕಲ್ಲಿನ ಚಿಲುಮೆಗಳ ನೀರಿನ ಗಡಸುತನವನ್ನು, ಅಂದರೆ ಅದರಲ್ಲಿ ಕರಗಿದ ಸುಣ್ಣದಂಥವು ಎಷ್ಟಿವೆ ಎಂಬುದನ್ನು, ಕಾಲಕಾಲಕ್ಕೆ ಅಳೆದರು. ಕೆಲವು ಚಿಲುಮೆಗಳಲ್ಲಿ ಮಳೆ ಬರಲಿ ಬಿಡಲಿ ಗಡಸುತನ ಬದಲಾಗಲೇ ಇಲ್ಲ. ಕೆಲವುಗಳಲ್ಲಿ ಏರಿ ಇಳಿದು ಕುಣಿಯಿತು. ಕುಣಿಯುವ ಚಿಲುಮೆಗೆ ಒಳಗೆ ಸುರಂಗ ಇದೆ, ಕದಲದ ಚಿಲುಮೆಗೆ ಸಣ್ಣ ಬಿರುಕುಗಳ ಜಾಲ ಇದೆ ಎಂದು ಹೇಳಿದರು. ಆಮೇಲೆ ಇದಕ್ಕೆ ತಕರಾರುಗಳು ಬಂದವು. ನೀರು ಹೇಗೆ ಒಳಗೆ ಇಳಿಯುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕಲ್ವಾ ಅಂದರು. ತಕರಾರು ಸರಿಯೇ. ಆದರೂ ನೀರಿನ ಏರಿಳಿತವೇ ಮಾಹಿತಿ, ಸರಾಸರಿ ಅಲ್ಲ ಎಂಬ ಮಾತು ಉಳಿದುಕೊಂಡಿತು.

ಇಲ್ಲಿ ಒಬ್ಬರು ಹಿರಿಯರು ಕೇಳಿದರು: "ಮಳೆ ಬಂದರೆ ಟಿಡಿಎಸ್ ಇಳಿಯುತ್ತೆ ಅಂದ್ರಿ. ಹಾಗಾದ್ರೆ ಮಳೆ ನೀರು ಸೇರಿದ್ದು ಒಳ್ಳೇದೇ ಅಲ್ವಾ?"

ಈ ಪ್ರಶ್ನೆ ಬರಲಿ ಅಂತಲೇ ಕಾಯುತ್ತಿದ್ದೆ. ಟಿಡಿಎಸ್ ಕಮ್ಮಿ ಆದರೆ ನೀರು ಒಳ್ಳೆಯದು ಅನ್ನುವುದು ಆರ್‌ಓ ಮಾರುವವರು ನಮಗೆ ಕಲಿಸಿದ ಪಾಠ. ಸುಣ್ಣ ಕಮ್ಮಿಯಾದ ಅದೇ ಗಂಟೆಗಳಲ್ಲಿ ಬೇರೆಯದು ಜಾಸ್ತಿಯಾಗುತ್ತಿರುತ್ತದೆ. ರಸ್ತೆ, ಪಾರ್ಕಿಂಗ್, ಹುಲ್ಲುಹಾಸು, ದನದ ಕೊಟ್ಟಿಗೆ, ಸೆಪ್ಟಿಕ್ ಟ್ಯಾಂಕು ಎಲ್ಲವನ್ನೂ ತೊಳೆದುಕೊಂಡು ಬಂದ ನೀರು ಅದು. ಪೆನ್ನಿಗೆ ಬ್ಯಾಕ್ಟೀರಿಯಾ ಗೊತ್ತಾಗುವುದಿಲ್ಲ, ಕೀಟನಾಶಕವೂ ಗೊತ್ತಾಗುವುದಿಲ್ಲ. ಇಲ್ಲೇ ಬಾರ್ಟನ್ ಸ್ಪ್ರಿಂಗ್ಸ್‌ನಲ್ಲಿ ಮಳೆಯ ನಂತರ ಅಟ್ರಜಿನ್ ಎಂಬ ಕಳೆನಾಶಕ ಕಾಣಿಸಿಕೊಂಡದ್ದನ್ನು ಅಳೆದಿದ್ದಾರೆ. ವಾಹಕತೆ ಇಳಿಯುವ ಹೊತ್ತಿನಲ್ಲಿ ಅದು ಏರುತ್ತದೆ.

ಇನ್ನೊಂದು ಲೆಕ್ಕ ಇದೆ. ತೆಳುವಾಯಿತು ಅಂದ ಮಾತ್ರಕ್ಕೆ ಒಟ್ಟು ಕಮ್ಮಿಯಾಯಿತು ಅಂತಲ್ಲ. ಹರಿವು ಎರಡು ಪಟ್ಟಾಗಿ, ಲೀಟರಿಗಿದ್ದ ಸುಣ್ಣ ಶೇಕಡಾ 20 ಇಳಿಯಿತು ಅಂದುಕೊಳ್ಳಿ. ಚಿಲುಮೆ ಹೊತ್ತು ತರುವ ಒಟ್ಟು ಸುಣ್ಣ ಆಗಲೂ ಶೇಕಡಾ 60 ಜಾಸ್ತಿ. ಗುಹೆಗಳು ಬೆಳೆಯುವುದು ಹೆಚ್ಚಾಗಿ ಇಂಥ ಮಳೆಗಳಲ್ಲೇ.

ಎಲ್ಲ ರಾಸಾಯನಿಕವೂ ಒಟ್ಟಿಗೆ ಬರುತ್ತದೆ ಅಂತಲೂ ಇಲ್ಲ. ಇದಕ್ಕೆ ನಾನು ನೋಡಿದ ಅತ್ಯಂತ ಸ್ಪಷ್ಟ ಉದಾಹರಣೆ ಐಯೋವಾ ರಾಜ್ಯದ ಬಿಗ್ ಸ್ಪ್ರಿಂಗ್. ಸುತ್ತಲೂ ಮೆಕ್ಕೆಜೋಳದ ಹೊಲ, ಕೆಳಗೆ ಸುಣ್ಣಕಲ್ಲು. 1980ರ ದಶಕದಲ್ಲಿ ಅಲ್ಲಿ ವರ್ಷಗಟ್ಟಲೆ ಅಳತೆ ಮಾಡಿದರು. ಮಳೆ ಬಂದಾಗ ಹೊಲದ ಮೇಲೆ ಹರಿದ ನೀರು ಗುಂಡಿಗಳಿಂದ ನೇರ ಒಳಗೆ ಇಳಿಯುತ್ತದೆ. ಅದು ಚಿಲುಮೆಗೆ ಬಂದಾಗ ನೈಟ್ರೇಟ್ ಇಳಿಯುತ್ತದೆ, ಕಳೆನಾಶಕ ಏರುತ್ತದೆ. ಕಳೆನಾಶಕ ಮಣ್ಣಿನ ಮೇಲ್ಪದರದಲ್ಲಿ ಇರುತ್ತದೆ, ಹರಿಯುವ ನೀರು ಅದನ್ನು ತೊಳೆದು ತರುತ್ತದೆ. ಇದನ್ನು ನೋಡಿ "ನೈಟ್ರೇಟ್ ಕಮ್ಮಿಯಾಯಿತು" ಅಂತ ಖುಷಿಪಟ್ಟು ಮನೆಗೆ ಹೋದರೆ ಕೆಟ್ಟಿರಿ. ನೆರೆ ಇಳಿಯುವಾಗ, ಚಿಲುಮೆ ಮತ್ತೆ ತಿಳಿಯಾಗುತ್ತಿರುವಾಗ, ಗೊಬ್ಬರ ಬೆರೆತ ಮಣ್ಣಿನೊಳಗೆ ನಿಧಾನ ಇಳಿದಿದ್ದ ನೀರು ಬಂದು ತಲುಪುತ್ತದೆ. ಆಗ ನೈಟ್ರೇಟ್ ಮೊದಲಿಗಿಂತ ಮೇಲೇರುತ್ತದೆ. ಒಂದೇ ಮಳೆ, ಒಂದೇ ಚಿಲುಮೆ. ಇವತ್ತು ಬಾಟಲಿ ತುಂಬಿಸಿದವನಿಗೂ ಮೂರು ದಿನ ಬಿಟ್ಟು ತುಂಬಿಸಿದವನಿಗೂ ಜಗಳ ಬೀಳಬಹುದು, ಇಬ್ಬರ ಬಾಟಲಿಯೂ ಸರಿ ಇರುತ್ತದೆ. ಅದಕ್ಕೇ ಈಗ 24 ಬಾಟಲಿಗಳ ಪೆಟ್ಟಿಗೆ ಇಟ್ಟು ಬರುತ್ತಾರೆ. ಹರಿವು ಏರಿದ ಕೂಡಲೇ ಅದು ತಾನೇ ಗಂಟೆಗೊಂದು, ಎರಡು ಗಂಟೆಗೊಂದು ಬಾಟಲಿ ತುಂಬಿಸಿಕೊಳ್ಳುತ್ತದೆ. ಮಧ್ಯರಾತ್ರಿ ಗುಡುಗು ಮಿಂಚಿನಲ್ಲಿ ಮನುಷ್ಯ ಹೋಗಿ ನಿಲ್ಲಬೇಕಾಗಿಲ್ಲ.

ರಾಡಿಯಲ್ಲೂ ಇಂಥದ್ದೇ ಮೋಸ ಇದೆ. ಸ್ವಿಟ್ಜರ್ಲೆಂಡಿನ ಇವರ್ಡಾನ್ ಪಟ್ಟಣದ ಹತ್ತಿರದ ಚಿಲುಮೆಗಳಲ್ಲಿ ಒಂದು ಮಳೆಗೆ ರಾಡಿ ಎರಡು ಸಲ ಏರುವುದನ್ನು ಕಂಡರು. ಮೊದಲನೆಯದು ಹರಿವು ಜೋರಾದಾಗ ಸುರಂಗದ ತಳದಲ್ಲೇ ಬಿದ್ದಿದ್ದ ಹಳೇ ಹೂಳು ಎದ್ದು ಬಂದದ್ದು. ನೋಡಲು ಕೆಟ್ಟದಾಗಿರುತ್ತದೆ, ಅಪಾಯ ಕಮ್ಮಿ. ಎರಡನೆಯದು ಹೊರಗಿನ ಹೊಲದ ಮಣ್ಣು. ಅದರ ಜೊತೆ ಮಣ್ಣಿನ ಸಾವಯವ ಇಂಗಾಲವೂ ಬರುತ್ತದೆ, ಸಗಣಿಯ ಬ್ಯಾಕ್ಟೀರಿಯಾವೂ ಬರುತ್ತದೆ. ಇದರ ಕಣಗಳು ಸಣ್ಣವು. ಬರಿಗಣ್ಣಿಗೆ ಎರಡೂ ಕೆಂಪು ನೀರೇ. ಕಣದ ಗಾತ್ರ ಅಳೆದರೆ ಮಾತ್ರ ಯಾವುದು ಯಾವುದು ಅಂತ ಗೊತ್ತಾಗುತ್ತದೆ.

ಈಗ ಸ್ವಲ್ಪ ಕಹಿ ಕತೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವಾಕರ್ಟನ್ ಎಂಬ ಸುಮಾರು 5,000 ಜನರ ಊರು. 2000ನೇ ಇಸವಿ ಮೇ 8ರಿಂದ 12ರವರೆಗೆ ಅಲ್ಲಿ 134 ಮಿಲಿಮೀಟರ್ ಮಳೆ ಸುರಿಯಿತು. ನಮ್ಮ ಆಗುಂಬೆಯವರು ಕೇಳಿದರೆ ನಕ್ಕುಬಿಡುತ್ತಾರೆ. ಆದರೆ ಊರಿಗೆ ನೀರು ಕೊಡುತ್ತಿದ್ದ 5ನೇ ಬಾವಿ ಆಳವಿರಲಿಲ್ಲ. ಅದು ಬಿರುಕುಬಿಟ್ಟ ಸುಣ್ಣಕಲ್ಲಿನಿಂದ ನೀರು ಎಳೆಯುತ್ತಿತ್ತು. ಪಕ್ಕದ ಹೊಲಕ್ಕೆ ಸಗಣಿ ಗೊಬ್ಬರ ಹಾಕಿದ್ದರು. ಆ ರೈತ ಎಲ್ಲ ಕ್ರಮದಂತೆಯೇ ಮಾಡಿದ್ದ, ತಪ್ಪು ಅವನದಲ್ಲ ಎಂದು ವಿಚಾರಣಾ ಆಯೋಗವೇ ಹೇಳಿತು. ಮಳೆನೀರು ಆ ಸಗಣಿಯಿಂದ ಇ. ಕೋಲಿ ಓ157 ಎಂಬ ಬ್ಯಾಕ್ಟೀರಿಯಾ ತಳಿಯನ್ನು ಬಾವಿಗೆ ಇಳಿಸಿತು. ಕ್ಲೋರಿನ್ ಅಷ್ಟನ್ನೂ ಕೊಲ್ಲುವಷ್ಟು ಇರಲಿಲ್ಲ. ಕ್ಲೋರಿನ್ ಲೆಕ್ಕದ ಪುಸ್ತಕದಲ್ಲಿ ಸಿಬ್ಬಂದಿ ಅಳೆಯದೆಯೇ ಅಂಕಿ ಬರೆಯುತ್ತಿದ್ದರು. 7 ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು. ಊರಿನ ಹತ್ತಿರ ಹತ್ತಿರ ಅರ್ಧ!

ಎಲ್ಲರೂ ಸಿಬ್ಬಂದಿಯ ಸುಳ್ಳನ್ನೇ ನೆನಪಿಟ್ಟುಕೊಂಡಿದ್ದಾರೆ. ಸುಳ್ಳು ಸುಳ್ಳೇ. ಆದರೆ ನನ್ನ ಕಣ್ಣಿಗೆ ಬೀಳುವುದು ಇನ್ನೊಂದು. ಆ ಬಾವಿಯ ಮೇಲೆ ಕ್ಲೋರಿನ್ನನ್ನೂ ರಾಡಿಯನ್ನೂ ಬಿಡದೆ ಅಳೆಯುವ ಯಂತ್ರ ಇದ್ದಿದ್ದರೆ ಈ ಅನಾಹುತ ತಪ್ಪುತ್ತಿತ್ತು ಎಂದು ಆಯೋಗ ಹೇಳಿತು. ಆಮೇಲೆ ಕಾರ್ಸ್ಟ್ ಬಲ್ಲವರು ಹೋಗಿ ಬಣ್ಣ ಹಾಕಿ ನೋಡಿದಾಗ, ಕಂಪ್ಯೂಟರ್ ಮಾದರಿ ಹೇಳಿದ್ದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಅಲ್ಲಿ ನೀರು ಓಡುತ್ತಿತ್ತು. ಕಲ್ಲನ್ನು ಮರಳಿನ ರಾಶಿ ಎಂದುಕೊಂಡು ಲೆಕ್ಕ ಹಾಕಿದ್ದರ ಫಲ.

"ನಮ್ಮ ಮನೆ ನಲ್ಲಿಗೂ ಬಾರ್ಟನ್ ಸ್ಪ್ರಿಂಗ್ಸ್ ನೀರೇ ಬರುತ್ತಾ?" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಇಲ್ಲ. ನಗರದ ನೀರು ಕೊಲೊರಾಡೊ ನದಿಯದ್ದು. ಅದಕ್ಕೂ ಮಳೆಯ ಕಾಟ ತಪ್ಪಿದ್ದಲ್ಲ. 2018ರ ಅಕ್ಟೋಬರಿನಲ್ಲಿ ಒಂದು ವಾರ ಇಡೀ ಊರು ನೀರು ಕುದಿಸಿ ಕುಡಿದದ್ದು ನೆನಪಿದೆಯಲ್ಲ? ಮೇಲಿನ ನದಿಗಳ ನೆರೆಯ ಹೂಳನ್ನು ಶುದ್ಧೀಕರಣ ಘಟಕಗಳು ತಡೆದುಕೊಳ್ಳಲಾಗಲಿಲ್ಲ. ಆದರೆ ನಗರದ ದಕ್ಷಿಣಕ್ಕೆ ಮನೆ ಮಾಡಿ ಸ್ವಂತ ಬೋರ್‌ವೆಲ್ ಇಟ್ಟುಕೊಂಡವರು ಕುಡಿಯುವುದು ಇದೇ ಎಡ್ವರ್ಡ್ಸ್ ಕಲ್ಲಿನ ನೀರು. ಅಂಥವರು ಇಲ್ಲಿ ಇದ್ದರೆ, ದೊಡ್ಡ ಮಳೆಯಾದ ಮೇಲೆ ಒಂದು ಸಲ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿ. ಬೇಸಿಗೆಯ ರಿಪೋರ್ಟು ತೋರಿಸಿ ಸಮಾಧಾನ ಮಾಡಿಕೊಳ್ಳಬೇಡಿ.

ಕರ್ನಾಟಕದಲ್ಲಿ ಇದು ಇದೆಯಾ ಅಂತ ಕೇಳುತ್ತೀರಿ, ಗೊತ್ತು. ದಕ್ಷಿಣದ ಬಹುಪಾಲು ಗಟ್ಟಿ ಗ್ರಾನೈಟು, ನೈಸ್ ಕಲ್ಲು, ಅಲ್ಲಿ ಈ ಮಾತು ನಡೆಯುವುದಿಲ್ಲ. ಸುಣ್ಣಕಲ್ಲು ಇರುವುದು ಕಲಬುರಗಿಯ ಶಹಾಬಾದ್, ಸೇಡಂ ಕಡೆ ಮತ್ತು ಬಾಗಲಕೋಟೆಯ ಕಡೆ. ಯಾಣದ ಬಂಡೆಗಳೂ ಅದೇ ಜಾತಿ. ಆದರೆ ದೇಶದಲ್ಲಿ ನಿಜವಾದ ಕಾರ್ಸ್ಟ್ ಚಿಲುಮೆ ನೋಡಬೇಕೆಂದರೆ ಕಾಶ್ಮೀರದ ಕೋಕರ್‌ನಾಗ್, ಅಚ್ಛಾಬಲ್‌ಗೆ ಹೋಗಿ. ಇಲ್ಲವೇ ಚಿರಾಪುಂಜಿಯ ಸುತ್ತಿನ ಗುಹೆಗಳಿಗೆ. ಅಷ್ಟು ಮಳೆ, ಕೆಳಗೆ ಅಷ್ಟು ಸುಣ್ಣಕಲ್ಲು, ಇನ್ನೇನು ಬೇಕು.

ಆಸ್ಟಿನ್ನಿಗೆ ವಾಪಸ್ ಬರೋಣ. ಈ ಊರಿನ ಜನ ತಮ್ಮ ಚಿಲುಮೆಗಾಗಿ ಜಗಳ ಆಡಿದ್ದಾರೆ. 1990ರ ಜೂನ್‌ನಲ್ಲಿ ಬಾರ್ಟನ್ ಕ್ರೀಕಿನ ಬದಿಯ ಒಂದು ದೊಡ್ಡ ಬಡಾವಣೆಯ ವಿರುದ್ಧ ಮಾತಾಡಲು ಜನ ನಗರಸಭೆಯಲ್ಲಿ ರಾತ್ರಿಯಿಡೀ ಸಾಲು ನಿಂತಿದ್ದರು. 1992ರಲ್ಲಿ ಮತ ಹಾಕಿ ನಿಯಮವನ್ನೇ ತಂದರು. ಈ ಜಲಾನಯನದಲ್ಲಿ ಎಷ್ಟು ನೆಲಕ್ಕೆ ಕಾಂಕ್ರೀಟು, ಡಾಂಬರು ಹಾಕಬಹುದು ಎಂಬುದಕ್ಕೆ ಮಿತಿ ಬಂತು. 1997ರಲ್ಲಿ ಈ ಚಿಲುಮೆಯಲ್ಲಿ ಬದುಕುವ ಬಾರ್ಟನ್ ಸ್ಪ್ರಿಂಗ್ಸ್ ಸಲಮಾಂಡರ್ ಎಂಬ ಸಣ್ಣ ಜೀವಿಗೆ ಅಳಿವಿನಂಚಿನ ಪಟ್ಟಿಯಲ್ಲಿ ರಕ್ಷಣೆ ಸಿಕ್ಕಿತು. ಅದಕ್ಕೆ ಮಳೆ ಬಂದರೆ ಒಂದು ಕಷ್ಟ, ಬರದಿದ್ದರೆ ಇನ್ನೊಂದು. ಬರಗಾಲದಲ್ಲಿ ಚಿಲುಮೆಯ ಆಮ್ಲಜನಕ ಇಳಿಯುತ್ತದೆ. ಪೂರ್ವದ ಕಡೆ ನೆಲದಡಿ ಇರುವ ಉಪ್ಪುನೀರಿನ ಪಾಲೂ ಜಾಸ್ತಿಯಾಗುತ್ತದೆ. ಪಾರ್ಕಿಂಗ್ ಜಾಗಕ್ಕೆ ಬಳಿಯುವ ಕಲ್ಲಿದ್ದಲು ಟಾರಿನ ಕಪ್ಪು ಲೇಪ ಮಳೆಗೆ ಕೊಚ್ಚಿಕೊಂಡು ಕ್ರೀಕು ಸೇರುತ್ತಿದೆ ಎಂದು ಇಲ್ಲಿ ಪತ್ತೆಯಾದ ಮೇಲೆ, 2006ರಿಂದ ಅದನ್ನು ನಿಷೇಧಿಸಿದರು. ದೇಶದಲ್ಲೇ ಮೊದಲು.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಊರಾಚೆ ಬ್ಯೂಡಾ ಹತ್ತಿರ ಆನಿಯನ್ ಕ್ರೀಕಿನ ತಳದಲ್ಲಿರುವ ಆಂಟಿಯೋಕ್ ಗುಹೆ. ಕ್ರೀಕಿನ ನೀರು ಒಳಗೆ ಇಳಿಯುವ ದೊಡ್ಡ ಬಾಯಿ ಅದು. ಅದರ ಮೇಲೆ ಒಂದು ಕಾಂಕ್ರೀಟಿನ ಪೆಟ್ಟಿಗೆ ಕಟ್ಟಿ ವಾಲ್ವ್ ಕೂರಿಸಿದ್ದಾರೆ. ನೆರೆಯ ಮೊದಲ ನೀರು, ರಸ್ತೆ ಹೊಲ ತೊಳೆದು ಬಂದ ಕೊಳೆನೀರು ಬಂದಾಗ, ಸೆನ್ಸರ್ ರಾಡಿ ನೋಡಿ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆ. ಆ ನೀರು ಕ್ರೀಕಿನಲ್ಲೇ ಮುಂದೆ ಹೋಗುತ್ತದೆ. ತಿಳಿಯಾದ ಮೇಲೆ ವಾಲ್ವ್ ತೆರೆದು ಒಳ್ಳೆಯ ನೀರನ್ನು ಒಳಗೆ ಬಿಡುತ್ತಾರೆ. ಯಾವುದು ಯಾವಾಗ ಬರುತ್ತದೆ ಎಂಬ ತಿಳಿವಳಿಕೆ ಇಷ್ಟು ನೇರವಾಗಿ ಕೆಲಸಕ್ಕೆ ಬಂದದ್ದನ್ನು ನಾನು ಬೇರೆಲ್ಲೂ ಅಷ್ಟಾಗಿ ಕಂಡಿಲ್ಲ. ಆಸ್ಟ್ರಿಯಾದ ವಿಯೆನ್ನಾ ಇದನ್ನೇ ಇನ್ನೊಂದು ತುದಿಯಲ್ಲಿ ಮಾಡುತ್ತದೆ. 1873ರಿಂದ ಆ ಊರು ಆಲ್ಪ್ಸ್ ಬೆಟ್ಟದ ಕಾರ್ಸ್ಟ್ ಚಿಲುಮೆಗಳ ನೀರು ಕುಡಿಯುತ್ತಿದೆ. 1910ರಲ್ಲಿ ಎರಡನೇ ಕೊಳವೆ ಮಾರ್ಗ ಬಂತು. ಚಿಲುಮೆಯ ನೀರಿಗೆ ಅಲ್ಟ್ರಾವಯಲೆಟ್ ಬೆಳಕು ಹಾಯಿಸಿ ಸಾವಯವ ವಸ್ತು ಏರುತ್ತಿದೆಯಾ ಎಂದು ಬಿಡದೆ ನೋಡುತ್ತಾರೆ. ಏರಿದರೆ ಆ ಚಿಲುಮೆಯ ನೀರನ್ನು ಕೊಳವೆಗೆ ಬಿಡದೆ ಹೊಳೆಗೆ ಹರಿಸುತ್ತಾರೆ. ಬೇರೆ ಚಿಲುಮೆಗಳು ಊರನ್ನು ನಡೆಸುತ್ತವೆ.

ಊಟಕ್ಕೆ ಹೊತ್ತಾಯಿತು, ಕೊನೆಯ ಪ್ರಶ್ನೆ ಹೈಸ್ಕೂಲಿನ ಹುಡುಗಿಯದು: "ಅಂಕಲ್, ಇದನ್ನ ನಾನೇ ನೋಡಬಹುದಾ?" ನೋಡಬಹುದು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಾರ್ಟನ್ ಸ್ಪ್ರಿಂಗ್ಸ್‌ನ ಅಂಕಿಗಳನ್ನು ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ಸ್ಟೇಷನ್ ಸಂಖ್ಯೆ 08155500. ಮುಂದಿನ ದೊಡ್ಡ ಮಳೆಯ ದಿನ ಹರಿವಿನ ಗೆರೆ ಮತ್ತು ವಾಹಕತೆಯ ಗೆರೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡು. ಮೊದಲನೆಯದು ಏರಿ ಎಷ್ಟು ಗಂಟೆಯ ಮೇಲೆ ಎರಡನೆಯದು ಇಳಿಯಿತು ಅಂತ ಬರೆದಿಟ್ಟುಕೋ. ಎರಡು ಮೂರು ಮಳೆಗೆ ಹೀಗೆ ಮಾಡು. ಬರವಿದ್ದಾಗಿನ ಮಳೆಗೂ ನೆಲ ನೆಂದಿದ್ದಾಗಿನ ಮಳೆಗೂ ಆ ಗಂಟೆಗಳು ಬೇರೆ ಬೇರೆ ಬರುತ್ತವೆ. ಯಾಕೆ ಅಂತ ನೀನೇ ಯೋಚಿಸಿ ನನಗೆ ಹೇಳು.